ಬ್ರೇಕ್ ಪೈಪಿನ ಬಾಗುವಿಕೆ ಮತ್ತು ಅರಳುವಿಕೆ: ಮಾಲೂರು ಸೀಮೆಯನ್ನು ಅನುಲಕ್ಷಿಸಿ ಒಂದು ತಾತ್ವಿಕ ಅನುಸಂಧಾನ

ಸ್ಟೇನ್‌ಲೆಸ್ ಸ್ಟೀಲ್ ಬ್ರೇಕ್ ಪೈಪನ್ನು ಬಗ್ಗಿಸುವ ಹಾಗೂ ಅದರ ತುದಿಯನ್ನು ಅರಳಿಸುವ ಸಲಕರಣೆಗಳ ಆಯ್ಕೆಯನ್ನು ‘ಬಾಗುವಿಕೆಯ ರಾಜಕಾರಣ’ ಮತ್ತು ‘ಅರಳುವಿಕೆಯ ಸೌಂದರ್ಯಮೀಮಾಂಸೆ’ ಎಂಬ ಎರಡು ನೆಲೆಗಳಲ್ಲಿ ಮುಖಾಮುಖಿಯಾಗಿಸುವುದು ಪ್ರಸ್ತುತ ಪ್ರಬಂಧದ ಆಶಯ. ಅಧ್ಯಯನದ ವ್ಯಾಪ್ತಿ: ಮಾಲೂರು ಪೇಟೆಯ ಗ್ಯಾರೇಜುಗಳು. ಅಧ್ಯಯನದ ಮಿತಿ: ಊಟದ ಹೊತ್ತು.

ಪೂರ್ವಸೂರಿಗಳು ವಿರಳ. ಮಾಸ್ತಿಯವರು ಇದೇ ತಾಲ್ಲೂಕಿನವರು. 1983ರ ಜ್ಞಾನಪೀಠ ತಂದುಕೊಡುವಷ್ಟು ಬರೆದೂ ಬ್ರೇಕ್ ಪೈಪಿನ ಮೇಲೆ ಒಂದು ಸಣ್ಣಕತೆಯನ್ನಾದರೂ ಬರೆದಂತಿಲ್ಲ. ಈ ಮೌನವನ್ನು ಮರುಓದಿಗೆ ಒಳಪಡಿಸಬೇಕಾದ ಜರೂರಿದೆ.

ಬಾಗಿಸುವ ಸಲಕರಣೆಗಳು ಮೂರು ವಿಧ: ದೇಹಜ, ಸಾಂದರ್ಭಿಕ, ಯಾಂತ್ರಿಕ. ಹೆಬ್ಬೆರಳು ಮತ್ತು ಮೊಣಕಾಲು ದೇಹಜ. ಸೋಡಾ ಬಾಟಲಿ, ಹಳೆಯ ಪುಲ್ಲಿ, ಮೇಸ್ತ್ರಿಯ ಟಿಫನ್ ಡಬ್ಬಿ ಸಾಂದರ್ಭಿಕ. ಹಿಡಿಕೆಯ ಬೆಂಡರು ಯಾಂತ್ರಿಕ. ಯಾಂತ್ರಿಕದಲ್ಲಿ ಮತ್ತೆ ಆರು ಉಪವಿಧಗಳುಂಟು. ಅವುಗಳಲ್ಲಿ ನಾಲ್ಕು ನನಗೆ ಮರೆತುಹೋಗಿವೆ, ಉಳಿದೆರಡೂ ಒಂದೇ. ಒಂದೂವರೆ ಸೂತಿನ, ಅಂದರೆ 4.75 ಮಿಲಿಮೀಟರಿನ ಪೈಪು ಡಬ್ಬಿಯ ಅಂಚಿನಲ್ಲಿ ಚಪ್ಪಟೆಯಾಗುವ ಕ್ಷಣವನ್ನು ‘ಅಂಚಿನ ಬಿಕ್ಕಟ್ಟು’ ಎಂದು ಇಲ್ಲಿ ನಾಮಕರಣ ಮಾಡಲಾಗಿದೆ.

ಅರಳಿಸುವ ಸಲಕರಣೆಗಳ ವರ್ಗೀಕರಣಕ್ಕೆ ಮುನ್ನ ಕ್ಷೇತ್ರಕಾರ್ಯದ ಒಂದು ಟಿಪ್ಪಣಿ. ಹದಿನೇಳರ ಹುಡುಗನೊಬ್ಬ ಅರ್ಧ ಗಂಟೆ ಬೆವರು ಸುರಿಸಿ ಪೈಪಿನ ತುದಿಯನ್ನು ಮಲ್ಲಿಗೆ ಮೊಗ್ಗು ಬಿರಿದ ಹಾಗೆ ಅರಳಿಸಿದ. ಬೆಳಕಿಗೆ ಹಿಡಿದ. ಒಂದು ಸೀಳೂ ಇಲ್ಲ. ಮೇಸ್ತ್ರಿ ಬೀಡಿ ಕೆಳಗಿಟ್ಟು ಕೇಳಿದ್ದು ಎರಡೇ ಮಾತು: “ನಟ್ಟು ಎಲ್ಲಪ್ಪಾ?” ನಟ್ಟು ಬೆಂಚಿನ ಮೇಲಿತ್ತು. ಇನ್ನೊಂದು ತುದಿ ಆಗಲೇ ಅರಳಿತ್ತು. ಇನ್ನು ನಟ್ಟು ಯಾವ ಕಡೆಯಿಂದಲೂ ಪೈಪಿನ ಮೇಲಕ್ಕೆ ಬರುವಂತಿರಲಿಲ್ಲ. ಹುಡುಗ ಏನೂ ಹೇಳದೆ ಹ್ಯಾಕ್ಸಾ ಎತ್ತಿಕೊಂಡ. ಈ ಘಟನೆಯನ್ನು ‘ಅನುಪಸ್ಥಿತಿಯ ಸಂಕಥನ’ ಎನ್ನಬಹುದು.

ಹೀಗೆಲ್ಲ ಬರೆಯುವುದನ್ನು ನಾನು ಕಲಿತದ್ದು ಮೂರು ದಿನದ ಒಂದು ಕೌಶಲ ತರಬೇತಿ ಶಿಬಿರದಲ್ಲಿ. ಮೊದಲ ದಿನ ಆಶಯ ಭಾಷಣ, ಎರಡನೆಯ ದಿನ ‘ಸಲಕರಣೆ ಆಯ್ಕೆಯ ಸಮಗ್ರ ಚೌಕಟ್ಟು’ ಎಂಬ ಪರದೆಯ ಚಿತ್ರಗಳು, ಮೂರನೆಯ ದಿನ ಪ್ರಮಾಣಪತ್ರ, ಶಾಲು, ಹಾರ, ಪೇಟ. ಮೂರು ದಿನದಲ್ಲಿ ಒಂದು ಗೇಣು ಪೈಪು ಆ ಸಭಾಂಗಣದೊಳಕ್ಕೆ ಬರಲಿಲ್ಲ. ಇದೇ ಹುಡುಗ ಎದ್ದು ನಿಂತು, “ಸಾರ್, ಸ್ಟೇನ್‌ಲೆಸ್‌ಗೆ ಡಬಲ್ ಫ್ಲೇರ್ ಹೊಡೆದ್ರೆ ಸೀಳುತ್ತಲ್ಲ, ಯಾಕೆ?” ಅಂದ. “ಒಳ್ಳೆಯ ಪ್ರಶ್ನೆ, ಮುಂದಿನ ಗೋಷ್ಠಿಯಲ್ಲಿ ಚರ್ಚಿಸೋಣ” ಎಂಬ ಉತ್ತರ ಬಂತು. ಮುಂದಿನ ಗೋಷ್ಠಿ ಊಟದ್ದು.

ವರ್ಗೀಕರಣ ಇಲ್ಲಿಗೆ ಸಾಕು. ಆ ಹುಡುಗನಿಗೆ ಉತ್ತರ ಕೊಡುತ್ತೇನೆ.

ಸ್ಟೇನ್‌ಲೆಸ್ ಸ್ಟೀಲು ಮಣಿಸಿದಷ್ಟೂ ಗಡುಸಾಗುವ ಲೋಹ. ಡಬಲ್ ಫ್ಲೇರಿನಲ್ಲಿ ತುದಿಯನ್ನು ಮೊದಲು ಒಳಕ್ಕೆ ಮಡಚುತ್ತೀಯ, ಆಮೇಲೆ 45 ಡಿಗ್ರಿಯ ಕೋನಿನಿಂದ ಅರಳಿಸುತ್ತೀಯ. ಎರಡನೆಯ ಒತ್ತು ಬೀಳುವ ಹೊತ್ತಿಗೆ ತುದಿ ಗಡುಸಾಗಿರುತ್ತೆ, ಸೀಳುತ್ತೆ. ಚಕ್ರದ ಕಟರು ಹಾಕಿದ್ದರಂತೂ ಕತ್ತರಿಸುವಾಗಲೇ ಗಡುಸಾಗಿರುತ್ತೆ. ಸಣ್ಣ ಹಲ್ಲಿನ ಹ್ಯಾಕ್ಸಾದಲ್ಲಿ ಕೊಯ್ದು, ಅರ ಹಾಕಿ ಸಮ ಮಾಡಿ, ಒಳಗಿನ ಮುಳ್ಳು ಕೆರೆದು, ಪುಡಿ ಊದಿಬಿಡು. ಅಂಗಡಿಯಲ್ಲಿ ಕಾಯಿಸಿ ಮೆತ್ತಗೆ ಮಾಡಿದ ಪೈಪನ್ನೇ ಕೇಳು. ಅರಳಿಸುವ ಸೆಟ್ಟುಗಳಲ್ಲಿ ರೆಕ್ಕೆ ನಟ್ಟಿನ ಅಗ್ಗದ ಪಟ್ಟಿಯದು ತಾಮ್ರಕ್ಕೆ ಸಾಕು, ಸ್ಟೇನ್‌ಲೆಸ್ ಅದರ ಹಿಡಿತದಿಂದ ಜಾರುತ್ತೆ. ಹೈಡ್ರಾಲಿಕ್ ಸೆಟ್ಟು ಬೇಕು, ಇಲ್ಲವೇ ವೈಸಿಗೆ ಕಚ್ಚಿಸಿ ಉದ್ದ ಹಿಡಿ ಎಳೆಯುವಂಥದ್ದು. ವಿಮಾನದವರು 37 ಡಿಗ್ರಿಯ ಸಿಂಗಲ್ ಫ್ಲೇರು ಮಾಡಿ ಹಿಂದೆ ಸ್ಲೀವ್ ಕೂರಿಸುತ್ತಾರೆ, ಅದಕ್ಕೆ ಫಿಟ್ಟಿಂಗೂ 37ರದ್ದೇ ಆಗಬೇಕು. 45ರ ಕುಳಿಯಲ್ಲಿ 37 ಕೂರಿಸಿದರೆ ಸೋರುತ್ತೆ. ಬಗ್ಗಿಸುವಾಗ ತುದಿಯ ಹತ್ತಿರ ಎರಡು ಬೆರಳಿಗಿಂತ ಹೆಚ್ಚೇ ನೇರ ಬಿಡು, ನಟ್ಟಿಗೂ ಸೆಟ್ಟಿಗೂ ಜಾಗ ಬೇಕಲ್ಲ. ಕೈಬಿಟ್ಟರೆ ಪೈಪು ಸ್ವಲ್ಪ ಹಿಂದಕ್ಕೆ ಪುಟಿಯುತ್ತೆ, ಅದಕ್ಕೆ ಒಂದು ಚೂರು ಹೆಚ್ಚೇ ಬಗ್ಗಿಸು.

ಇಷ್ಟೇ. ಇದನ್ನು ಹೇಳಲು ಎರಡು ನಿಮಿಷ ಸಾಕಿತ್ತು.

ಹೇಳದೇ ಹೋದದ್ದರ ಫಲ ರಸ್ತೆಯಲ್ಲಿದೆ. ಮಾಲೂರು ಇಟ್ಟಿಗೆ, ಹೆಂಚಿನ ಊರು. ಕೆಸರು ಮೆತ್ತಿಕೊಂಡು ಟೆಂಪೊಗಳ ಸಾಮಾನ್ಯ ಸ್ಟೀಲು ಪೈಪು ತುಕ್ಕು ಹಿಡಿಯುತ್ತೆ. ಸ್ಟೇನ್‌ಲೆಸ್ ಅರಳಿಸುವ ಸೆಟ್ಟು ಗ್ಯಾರೇಜಿನಲ್ಲಿಲ್ಲ, ಹಾಗಾಗಿ ಫ್ರಿಜ್ಜಿನ ತಾಮ್ರದ ಪೈಪು ಹಾಕುತ್ತಾರೆ, ಅದು ಯಾವ ಸೆಟ್ಟಿಗೂ ಅರಳುತ್ತೆ. ಗಾಡಿಯ ಅದುರಿಗೆ ತಾಮ್ರ ದಿನದಿನಕ್ಕೆ ಪೆಡಸಾಗಿ ಒಂದು ದಿನ ಬಿರುಕು ಬಿಡುತ್ತೆ. ಆ ದಿನ ಹಿಂದೆ ಇಟ್ಟಿಗೆ ಲೋಡು, ಮುಂದೆ ಇಳಿಜಾರು ಇದ್ದರೆ ಡ್ರೈವರಿನ ಕಾಲಡಿಯ ಪೆಡಲು ಸೀದಾ ನೆಲ ಮುಟ್ಟುತ್ತೆ. ಶಾಲು-ಪೇಟದ ದುಡ್ಡಿನಲ್ಲಿ ಒಂದು ಒಳ್ಳೆಯ ಸೆಟ್ಟು ತಂದು ಆ ಬೀದಿಗೆ ಕೊಟ್ಟಿದ್ದರೆ ಹತ್ತು ಗ್ಯಾರೇಜು ಹಂಚಿಕೊಂಡು ಬಳಸುತ್ತಿದ್ದವು. ಕೈಯಲ್ಲಿ ವಿದ್ಯೆ ಇರುವವರು ಬರೆಯುವುದಿಲ್ಲ, ಬರೆಯುವ ನಾವು ಪೈಪು ಮುಟ್ಟುವುದಿಲ್ಲ. ‘ಚೌಕಟ್ಟು’ ಎಂಬ ಪದವನ್ನು ಮಾತ್ರ ಇಬ್ಬರಿಗೂ ಹಂಚಲಾಗಿದೆ.

ಗ್ಯಾರೇಜಿನವರು ಯಾರಾದರೂ ಓದುತ್ತಿದ್ದರೆ ಒಂದು ಕೋರಿಕೆ. ಪೈಪು ಕೂರಿಸಿ ಏರ್ ತೆಗೆದ ಮೇಲೆ ಒಬ್ಬರು ಪೆಡಲನ್ನು ಒಂದು ನಿಮಿಷ ಬಲವಾಗಿ ಒತ್ತಿ ಹಿಡಿಯಿರಿ, ಇನ್ನೊಬ್ಬರು ಕೆಳಗೆ ಮಲಗಿ ಪ್ರತಿ ನಟ್ಟನ್ನೂ ಬೆರಳಿಂದ ಮುಟ್ಟಿ ನೋಡಲಿ. ಬೆರಳಿಗೆ ಬ್ರೇಕ್ ಆಯಿಲ್ ತಾಗಿದರೆ ಗಾಡಿ ಹೊರಗೆ ಬಿಡಬೇಡಿ, ಓನರು ಎಷ್ಟೇ ಅವಸರ ಮಾಡಲಿ.