ಅಡ್ಮಿನ್‌ಗೆ ಮಾತ್ರ ಬಾಯಿ

ಯಲಹಂಕದ ನಮ್ಮ ಅಪಾರ್ಟ್‌ಮೆಂಟಿನ ಲಿಫ್ಟಿನಲ್ಲಿ ಅಧ್ಯಕ್ಷರು ಹೊಸ ನೋಟೀಸು ಅಂಟಿಸಿದ್ದಾರೆ. ಬಾಲ್ಕನಿಯಲ್ಲಿ ಬನಿಯನ್ನು ಒಣಹಾಕಕೂಡದು, ಏಳು ಗಂಟೆಯ ಮೇಲೆ ಮಕ್ಕಳು ಕಿರುಚಕೂಡದು, ಮನೆಗೆಲಸದವರು ಈ ಲಿಫ್ಟ್ ಹತ್ತಕೂಡದು. ಕೆಳಗೆ ಸಹಿ, ಸಹಿಯ ಮೇಲೆ ಮೊಹರು, ಮೊಹರಿನ ಪಕ್ಕ ಅವರದೇ ಪಾಸ್‌ಪೋರ್ಟ್ ಸೈಜಿನ ಫೋಟೋ. ಫೋಟೋ ಯಾಕೆಂದು ಕೇಳುವ ಧೈರ್ಯ ಯಾರಿಗೂ ಬಂದಿಲ್ಲ.

ಬೈಯುವ ಮುಂಚೆ ಈ ಕಸುಬಿನ ಹಿರಿಯರನ್ನು ನೆನೆಯೋಣ. ತುರ್ಕ್‌ಮೆನಿಸ್ತಾನದ ನಿಯಾಜೋವ್ 2002ರಲ್ಲಿ ಜನವರಿ ತಿಂಗಳಿಗೆ ತನ್ನ ಬಿರುದನ್ನೇ ಇಟ್ಟ, ಏಪ್ರಿಲ್‌ಗೆ ತಾಯಿಯ ಹೆಸರು. ಡ್ರೈವಿಂಗ್ ಲೈಸೆನ್ಸ್ ಬೇಕಾದರೆ ಅವನು ಬರೆದ ಪುಸ್ತಕ ಓದಿಕೊಂಡಿರಬೇಕಿತ್ತು. ಯಶವಂತಪುರದ ಆರ್‌ಟಿಓದವರು ಬರೀ ಎಂಟು ಹಾಕಿಸಿ ಬಿಟ್ಟುಬಿಡುತ್ತಾರೆ, ಪುಣ್ಯವಂತರು. ಬರ್ಮಾದ ನೆ ವಿನ್‌ಗೆ ಒಂಬತ್ತು ಶುಭಸಂಖ್ಯೆ. 1987ರಲ್ಲಿ ಅವನು 25, 35, 75ರ ನೋಟುಗಳನ್ನು ರದ್ದುಮಾಡಿ 45, 90ರ ನೋಟು ತಂದ. ಜನ ಕೂಡಿಟ್ಟಿದ್ದು ರಾತ್ರೋರಾತ್ರಿ ರದ್ದಿ. ಅವನ ಕಾಲದಲ್ಲೇ, 1970ರಲ್ಲಿ, ಎಡಕ್ಕೆ ಓಡುತ್ತಿದ್ದ ಗಾಡಿಗಳೆಲ್ಲ ಒಂದೇ ಆದೇಶಕ್ಕೆ ಬಲಕ್ಕೆ ಹೊರಳಿದವು. ಹೆಬ್ಬಾಳದ ಸರ್ವಿಸ್ ರಸ್ತೆಯಲ್ಲಿ ನಾವು ಯಾವ ಆದೇಶಕ್ಕೂ ಕಾಯಲಿಲ್ಲ.

ರುಮೇನಿಯಾದ ಚೌಷೆಸ್ಕು 1983ರಲ್ಲಿ ಟೈಪ್‌ರೈಟರ್ ಇದ್ದವರೆಲ್ಲ ಪೊಲೀಸರಲ್ಲಿ ನೋಂದಾಯಿಸಿ, ಅದರ ಅಕ್ಷರದ ಮಾದರಿ ಕೊಡಬೇಕೆಂದ. ಪಾಪ, ಎಷ್ಟೊಂದು ಖರ್ಚು! ನಮ್ಮ ವಾಟ್ಸ್ಯಾಪ್ ಗುಂಪಿನಲ್ಲಿ ಅಡ್ಮಿನ್ ಮಾತ್ರ ಬರೆಯಬಹುದು. ಹೆಬ್ಬೆರಳು ಎತ್ತುವ ಹಕ್ಕು ನಮಗಿದೆ.

ದೂರದವರನ್ನು ನೋಡಿ ನಗುವುದು ಸಲೀಸು. ತುರ್ತು ಪರಿಸ್ಥಿತಿ ಹೇರಿದ ಬೆನ್ನಿಗೇ, 1975ರ ಜೂನ್ 26ರಂದು, ಸಂಸದೀಯ ಸಮಿತಿ ಸಭೆಗೆಂದು ಬೆಂಗಳೂರಿಗೆ ಬಂದಿದ್ದ ವಾಜಪೇಯಿ, ಆಡ್ವಾಣಿ, ಮಧು ದಂಡವತೆ ಇಲ್ಲಿನ ಸೆಂಟ್ರಲ್ ಜೈಲು ಸೇರಿದರು. ‘ಸಂಸ್ಕಾರ’ದ ಚಂದ್ರಿ, ಸ್ನೇಹಲತಾ ರೆಡ್ಡಿ, ಅದೇ ಜೈಲಿನಲ್ಲಿ ಆಸ್ತಮಾದಿಂದ ನರಳಿ, 1977ರ ಜನವರಿಯಲ್ಲಿ ಪೆರೋಲ್ ಮೇಲೆ ಹೊರಬಂದು ಕೆಲವೇ ದಿನಕ್ಕೆ ತೀರಿಕೊಂಡರು. ಮಾರ್ಚ್‌ನಲ್ಲಿ ಚುನಾವಣೆ. ಉತ್ತರ ಪ್ರದೇಶ ತನ್ನ 85ರಲ್ಲಿ ಕಾಂಗ್ರೆಸ್ಸಿಗೆ ಒಂದೇ ಒಂದು ಸೀಟೂ ಕೊಡಲಿಲ್ಲ. ನಾವು? 28ರಲ್ಲಿ 26 ಕೊಟ್ಟೆವು. ಸಾಲದೆಂದು ಮರುವರ್ಷ ಚಿಕ್ಕಮಗಳೂರಿನಿಂದ ಇಂದಿರಾ ಗಾಂಧಿಯವರನ್ನೇ ಲೋಕಸಭೆಗೆ ಕಳಿಸಿದೆವು. ದೇವರಾಜ ಅರಸರ ಭೂಸುಧಾರಣೆ ಕಾರಣ ಅನ್ನುತ್ತಾರೆ. ಸುಳ್ಳಲ್ಲ, ಗೇಣಿದಾರರ ಕೈಗೆ ಪಹಣಿ ಬಂದಿತ್ತು. ನಮ್ಮಪ್ಪನಿಗೆ ಹೊಲವೂ ಇರಲಿಲ್ಲ, ಗೇಣಿಯೂ ಇರಲಿಲ್ಲ. ಅವರು ಹೇಳುತ್ತಿದ್ದದ್ದು ಇಷ್ಟೇ: “ಏನೇ ಅನ್ನು, ರೈಲು ಟೈಮಿಗೆ ಸರಿಯಾಗಿ ಬರ್ತಿತ್ತು ಕಣೋ.”

ಭಾನುವಾರ ನಮ್ಮ ಜನರಲ್ ಬಾಡಿ ಮೀಟಿಂಗು. ಲಿಫ್ಟು, ಮನೆಗೆಲಸದವರು, ಟೈಪ್‌ರೈಟರ್ ಎಲ್ಲ ಸೇರಿಸಿ ಚೀಟಿ ಬರೆದು ಜೇಬಿನಲ್ಲಿಟ್ಟುಕೊಂಡು ಹೋದೆ. ಅಧ್ಯಕ್ಷರು ಎದ್ದು ಎರಡೇ ಮಾತು ಹೇಳಿದರು: ಈ ಬೇಸಿಗೆಯಲ್ಲಿ ಪಕ್ಕದ ಅಪಾರ್ಟ್‌ಮೆಂಟಿನವರು ಬಿಂದಿಗೆ ಹಿಡಿದು ನಿಂತಿದ್ದರು; ನಮಗೆ ಒಂದು ದಿನವೂ ಟ್ಯಾಂಕರ್ ತಪ್ಪಲಿಲ್ಲ. ಚಪ್ಪಾಳೆ. ಆಮೇಲೆ ನನ್ನ ಕಡೆ ತಿರುಗಿ, “ಏನಾದ್ರೂ ಹೇಳೋದಿತ್ತಾ ಸಾರ್?”

“ಗುರುವಾರದ ಟ್ಯಾಂಕರ್ ಒಂಚೂರು ಬೇಗ ಬಂದ್ರೆ ಅನುಕೂಲ,” ಅಂದೆ.

ಬರೆದುಕೊಂಡರು. ಅವಿರೋಧ ಆಯ್ಕೆಯಾಯಿತು, ಸತತ ನಾಲ್ಕನೇ ಸಲ. ಅನುಮೋದಕರ ಜಾಗದಲ್ಲಿ ನನ್ನ ಸಹಿಯಿದೆ.