ಯಾವ ಎಂಡಿಂಗ್ ಬಂತು?

ವಿಡಿಯೋ ಗೇಮ್ ಆಡುವವರ ಯಾವ ಗುಂಪಿನಲ್ಲೂ ಇಂಥವನೊಬ್ಬ ಇದ್ದೇ ಇರುತ್ತಾನೆ. ಯಾರೋ ಪಾಪದವರು ಶನಿವಾರ ಭಾನುವಾರಗಳನ್ನೆಲ್ಲ ತೆತ್ತು ಒಂದು ಗೇಮ್ ಮುಗಿಸಿ, ಕಣ್ಣೊರೆಸಿಕೊಂಡು ‘ಚೆನ್ನಾಗಿತ್ತು’ ಅಂದರೆ ಈತ ಕೇಳುವುದು ಒಂದೇ ಪ್ರಶ್ನೆ: ‘ಯಾವ ಎಂಡಿಂಗ್ ಬಂತು?’ ಉತ್ತರ ಏನೇ ಇರಲಿ, ಮುಖದಲ್ಲಿ ಮರುಕ ತಂದುಕೊಂಡು ‘ಅದು ಬ್ಯಾಡ್ ಎಂಡಿಂಗ್ ಮಗಾ, ಟ್ರೂ ಎಂಡಿಂಗ್ ಬೇರೇನೇ ಇದೆ’ ಅನ್ನುತ್ತಾನೆ. ಟ್ರೂ ಎಂಡಿಂಗನ್ನೇ ಕಂಡು ಬಂದವರಿಗೂ ಬಿಡುಗಡೆಯಿಲ್ಲ. ಅವರಿಗಾಗಿ ‘ಕಟ್ ಕಂಟೆಂಟ್’ ಕಾದಿರುತ್ತದೆ, ಅಂದರೆ ತಯಾರಕರೇ ಮಾಡಿ, ಆಮೇಲೆ ಬೇಡವೆಂದು ಬಿಟ್ಟ ಭಾಗ. ಇಷ್ಟೆಲ್ಲ ಬಲ್ಲವನಾದ್ದರಿಂದ ಗೆಳೆಯರು ಈತನನ್ನು ಆಯ್ಕೆಯ ಸ್ವಾತಂತ್ರ್ಯಕ್ಕೆ ಮನಸೋತ ರಸಿಕನೆಂದೇ ತಿಳಿದಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಆಯ್ಕೆ ಅಂದರೆ ಈತನಿಗಾಗುವಷ್ಟು ಭಯ ಇನ್ನಾರಿಗೂ ಆಗಲಾರದು. ಒಂದನ್ನು ಹಿಡಿದರೆ ಇನ್ನೊಂದು ಕೈತಪ್ಪುತ್ತದಲ್ಲ! ಅದಕ್ಕೇ ದಾರಿ ಕವಲೊಡೆದಲ್ಲೆಲ್ಲ ಮೊದಲು ಸೇವ್ ಮಾಡುತ್ತಾನೆ, ಬಲಕ್ಕೆ ಹೋಗಿ ನೋಡುತ್ತಾನೆ, ಮತ್ತೆ ಲೋಡ್ ಮಾಡಿ ಎಡಕ್ಕೆ ಹೋಗುತ್ತಾನೆ. ಊರು ಸುಟ್ಟವನೂ ಅವನೇ, ಊರು ಉಳಿಸಿದವನೂ ಅವನೇ, ಎರಡರ ಪಾಪಪುಣ್ಯ ಅಂಟದವನೂ ಅವನೇ.

‘ಅವನದೇನು ತಪ್ಪು, ಗೇಮ್ ಮಾಡಿದವರೇ ಹಾಗೆ ಮಾಡಿಟ್ಟಿದ್ದಾರೆ’ ಎಂಬ ಆಕ್ಷೇಪದಲ್ಲಿ ಹುರುಳಿದೆ. ಜಪಾನಿನ ಸ್ಕ್ವೇರ್ ಕಂಪನಿ 1995ರಲ್ಲಿ ತಂದ ‘ಕ್ರೋನೋ ಟ್ರಿಗರ್’ ಒಮ್ಮೆ ಮುಗಿದ ಮೇಲೆ, ಗಳಿಸಿದ ಬಲ, ಆಯುಧಗಳ ಸಮೇತ ಮತ್ತೆ ಮೊದಲಿನಿಂದ ಆಡಲು ಬಿಡುತ್ತದೆ. ಕೊನೆಯ ಶತ್ರು ಲಾವೋಸನನ್ನು ಕಥೆಯ ಯಾವ ಹಂತದಲ್ಲಿ ಸೋಲಿಸುತ್ತೀರಿ ಎನ್ನುವುದರ ಮೇಲೆ ಮುಕ್ತಾಯ ಬದಲಾಗುತ್ತದೆ. ಕಾಲದಲ್ಲಿ ಹಿಂದೆ ಮುಂದೆ ಓಡಾಡುವುದೇ ಅದರ ಕಥೆ; ಅಲ್ಲಿ ಈತ ಕರೆದು ಕೂರಿಸಿದ ಅತಿಥಿ. ತೊಂದರೆ ಏನೆಂದರೆ, ಕರೆಯದ ಕಡೆಗೂ ಇದೇ ಠೀವಿಯಲ್ಲಿ ನುಗ್ಗುತ್ತಾನೆ. 2015ರ ‘ಅಂಡರ್‌ಟೇಲ್’ನಲ್ಲಿ ಎದುರಾದವರನ್ನೆಲ್ಲ ಕೊಂದು ಕೊನೆ ಮುಟ್ಟಿದರೆ ಗೇಮ್ ಅದನ್ನು ಮರೆಯುವುದಿಲ್ಲ. ಆಮೇಲೆ ಯಾರಿಗೂ ನೋವಾಗದಂತೆ ಆಡಿದರೂ ಸುಖಾಂತ್ಯಕ್ಕೆ ಹಳೆಯ ಕಲೆ ಅಂಟಿಕೊಂಡೇ ಬರುತ್ತದೆ. ತಾವು ಕೊಲ್ಲಲಾರದೆ ಬೇರೆಯವರು ಕೊಲ್ಲುವುದನ್ನು ಕೂತು ನೋಡುವವರನ್ನೂ ಅದರೊಂದು ಪಾತ್ರ ಕುಟುಕುತ್ತದೆ. ಇದಕ್ಕೆಲ್ಲ ಈತ ಕಂಡುಕೊಂಡ ಪ್ರಾಯಶ್ಚಿತ್ತ ಸರಳವಾದದ್ದು: ಆ ನೆನಪಿನ ಫೈಲು ಕಂಪ್ಯೂಟರಿನಲ್ಲಿ ಎಲ್ಲಿದೆಯೆಂದು ಹುಡುಕಿ ಅಳಿಸುವುದು.

2017ರ ‘ನಿಯರ್: ಆಟೊಮಾಟಾ’ ಈತನಿಗೆಂದೇ ಮಾಡಿದಂತಿದೆ. ಎ ಇಂದ ಝಡ್‌ವರೆಗೆ 26 ಮುಕ್ತಾಯಗಳು. ಮುಖ್ಯವಾದವು ಐದು, ಉಳಿದವು ಬಹುಪಾಲು ತಮಾಷೆ. ಬಂಗುಡೆ ತಿಂದರೆ ಆಂಡ್ರಾಯ್ಡ್ ನಾಯಕಿ ಸತ್ತು ಅದೂ ಒಂದು ಮುಕ್ತಾಯವಾಗುತ್ತದೆ (ಕರಾವಳಿಯವರು ಕ್ಷಮಿಸಬೇಕು). ಸಾಧನೆಗೆಂದು ಸಿಗಬೇಕಾದ ಟ್ರೋಫಿಗಳನ್ನು ಗೇಮಿನ ಒಳಗಿನ ಅಂಗಡಿಯಲ್ಲೇ, ಗೇಮಿನ ದುಡ್ಡಿಗೆ ಮಾರುತ್ತಾರೆ. ಸಂಗ್ರಹದ ಹುಚ್ಚನ್ನು ಇದಕ್ಕಿಂತ ಮುಖಕ್ಕೆ ಹೊಡೆದಂತೆ ಗೇಲಿ ಮಾಡಲಾಗದು. ಈತ ಗೇಲಿಯನ್ನು ಗಮನಿಸದೆ ಖರೀದಿ ಮುಗಿಸುತ್ತಾನೆ. ಎಲ್ಲ ಆದ ಮೇಲೆ ಆ ಗೇಮ್ ಕೇಳುತ್ತದೆ: ಗುರುತಿಲ್ಲದ ಯಾರೋ ಆಟಗಾರನಿಗೆ ನೆರವಾಗಲು ನಿನ್ನ ಸೇವ್ ಫೈಲುಗಳನ್ನೆಲ್ಲ ಅಳಿಸಿಕೊಳ್ಳುತ್ತೀಯಾ? ಹತ್ತಾರು ಗಂಟೆಗಳ ದುಡಿಮೆಯನ್ನು ನಿಜವಾಗಿ ಕಳೆದುಕೊಂಡರೆ ಮಾತ್ರ ಆ ಮುಕ್ತಾಯಕ್ಕೆ ಅರ್ಥ. ಈತ ಮೊದಲು ಎಲ್ಲವನ್ನೂ ಪೆನ್‌ಡ್ರೈವಿಗೆ ಕಾಪಿ ಮಾಡಿಕೊಂಡು, ಆಮೇಲೆ ಕಣ್ತುಂಬಿಕೊಂಡು ‘ಹೌದು’ ಒತ್ತುತ್ತಾನೆ, ಹುಂಡಿಗೆ ಹಾಕುವ ನೋಟಿಗೆ ದಾರ ಕಟ್ಟಿಕೊಂಡ ಭಕ್ತನ ಹಾಗೆ.

ಕಟ್ ಕಂಟೆಂಟ್ ವಿಷಯದಲ್ಲಿ ಈತನ ಪರವಾದ ವಾದ ಇನ್ನೂ ಗಟ್ಟಿ. ಬಿಡುಗಡೆ ಹತ್ತಿರ ಬಂದಾಗ ಒಂದು ಭಾಗವನ್ನು ಕಿತ್ತರೆ ಅದಕ್ಕೆ ಹೆಣೆದುಕೊಂಡ ಇನ್ನೊಂದು ಕೆಟ್ಟೀತೆಂದು, ಕೀಳುವ ಬದಲು ಅಲ್ಲಿಗೆ ಹೋಗುವ ದಾರಿಯನ್ನಷ್ಟೇ ಮುಚ್ಚುವುದುಂಟು; ಭಾಗ ಮಾತ್ರ ಡಿಸ್ಕಿನಲ್ಲೇ ಉಳಿದಿರುತ್ತದೆ. 2005ರಲ್ಲಿ ‘ಜಿಟಿಎ: ಸ್ಯಾನ್ ಆಂಡ್ರಿಯಾಸ್’ ಹಾಗೆ ಮುಚ್ಚಿಟ್ಟಿದ್ದ ಶೃಂಗಾರವನ್ನು ‘ಹಾಟ್ ಕಾಫಿ’ ಎಂಬ ಮಾಡ್ (ಆಟಗಾರರೇ ಗೇಮಿಗೆ ಮಾಡುವ ಮಾರ್ಪಾಡು) ಬಯಲಿಗೆಳೆದು, ಅಮೆರಿಕದಲ್ಲಿ ಆ ಗೇಮಿಗೆ ‘ವಯಸ್ಕರಿಗೆ ಮಾತ್ರ’ ಎಂಬ ಮುದ್ರೆ ಬಿತ್ತು. ಆದರೆ ಬಿಟ್ಟದ್ದೆಲ್ಲ ಬಿಡಬೇಕಾದದ್ದೇ ಆಗಿರಬೇಕಿಲ್ಲ. 2004ರ ಡಿಸೆಂಬರಿನಲ್ಲಿ ಅವಸರವಸರವಾಗಿ ಹೊರಬಂದ ಸ್ಟಾರ್ ವಾರ್ಸ್ ಗೇಮ್ ‘ನೈಟ್ಸ್ ಆಫ್ ದಿ ಓಲ್ಡ್ ರಿಪಬ್ಲಿಕ್ 2’ರ ಕೊನೆಯ ಭಾಗ ಹರಿದು ಚೂರಾಗಿತ್ತು. ಅಭಿಮಾನಿಗಳು ವರ್ಷಗಟ್ಟಲೆ ಕೂತು, ಡಿಸ್ಕಿನಲ್ಲಿ ಉಳಿದ ತುಣುಕುಗಳನ್ನು ಹೊಲಿದು ಅದಕ್ಕೊಂದು ಮಾನ ತಂದುಕೊಟ್ಟರು. ಅವರಿಗೆ ನಮಸ್ಕಾರ. ಅವರು ಸೇರಿಸದೆ ಬಿಟ್ಟದ್ದನ್ನೂ ನೋಡಬೇಕು: ಡ್ರಾಯ್ಡ್‌ಗಳ (ರೋಬಾಟುಗಳ) ಗ್ರಹ ಎಂ4-78 ಕೂಡ ಕತ್ತರಿಗೆ ಸಿಕ್ಕಿದ್ದೇ, ಆದರೆ ಅದು ಅವರ ಮಾಡ್‌ನಲ್ಲಿ ಇಲ್ಲ, ಬೇಕಾದವರು ಬೇರೆ ಹಾಕಿಕೊಳ್ಳಬೇಕು. ಕತ್ತರಿ ಹಾಕಿದ್ದನ್ನು ಸರಿಪಡಿಸಲು ಹೊರಟವರೂ ಕತ್ತರಿ ಹಿಡಿದರು, ಅದಿಲ್ಲದೆ ಆ ಕೆಲಸ ಆಗುವಂಥದ್ದಲ್ಲ. ನಮ್ಮವನು ಅವರ ಹೆಸರು ಹೇಳಿಕೊಂಡು ಮೆರೆಯುತ್ತಾನೆಯೇ ಹೊರತು ಅವರ ಜಾತಿಯವನಲ್ಲ. ಯಾವುದೋ ಬಿಟ್ಟುಹೋಗಿದೆ ಎಂದು ಕಿವಿಗೆ ಬಿದ್ದರೆ ಸಾಕು, ಅದೇ ಶ್ರೇಷ್ಠವಾದದ್ದು ಅನ್ನುತ್ತಾನೆ.

ಇನ್ನು, ಆಯ್ಕೆಗೆ ಬೆಲೆ ಕಟ್ಟುವವರು ಹೇಗಿರುತ್ತಾರೆ ಎಂದು ಯಾರಾದರೂ ಕೇಳಿದರೆ ‘ಮಾಸ್ ಎಫೆಕ್ಟ್ 3’ ಆಡಿದವರನ್ನು ತೋರಿಸಬಹುದು. ಮೂರು ಗೇಮುಗಳ ಉದ್ದಕ್ಕೂ ತಾವು ತೆಗೆದುಕೊಂಡ ನಿರ್ಧಾರಗಳನ್ನು ಹೊತ್ತು ತಂದವರಿಗೆ 2012ರಲ್ಲಿ ಸಿಕ್ಕಿದ್ದು ಕೆಂಪು, ನೀಲಿ, ಹಸಿರು ಬೆಳಕಿನ ಮೂರು ಮುಕ್ತಾಯಗಳು, ಬಣ್ಣ ಬಿಟ್ಟರೆ ಹೆಚ್ಚುಕಡಿಮೆ ಒಂದೇ. ಸಿಟ್ಟಾದವರು ಆ ಮೂರೇ ಬಣ್ಣದ, ಆದರೆ ಒಂದೇ ರುಚಿಯ ಕಪ್‌ಕೇಕುಗಳನ್ನು ಗೇಮ್ ಮಾಡಿದ ಬಯೋವೇರ್ ಕಂಪನಿಗೆ ಕಳಿಸಿಕೊಟ್ಟರು. ಈತನಿಗೆ ಸಿಟ್ಟೇ ಬರಲಿಲ್ಲ. ಮೂರಕ್ಕೂ ಟಿಕ್ ಹಾಕಿದ್ದ. ಜೂನ್‌ನಲ್ಲಿ ಬಂದ ವಿಸ್ತೃತ ಆವೃತ್ತಿಯಲ್ಲಿ ಮೂರನ್ನೂ ಬೇಡವೆನ್ನುವ ನಾಲ್ಕನೆಯದು ಸೇರಿದಾಗ ಅವನಿಗೆ ಹಬ್ಬವೇ ಆಯಿತು.

2014ರ ‘ಫಾರ್ ಕ್ರೈ 4’ರಲ್ಲಿ ತಾಯಿಯ ಚಿತಾಭಸ್ಮ ಹಿಡಿದು ಬಂದ ಮಗನನ್ನು ಖಳನಾಯಕ ಊಟದ ಮೇಜಿನ ಮುಂದೆ ಕೂರಿಸಿ, ‘ಇಲ್ಲೇ ಇರು, ಬಂದೆ’ ಎಂದು ಎದ್ದು ಹೋಗುತ್ತಾನೆ. ತಪ್ಪಿಸಿಕೊಂಡು ಓಡಿದರೆ ಯುದ್ಧ, ರಕ್ತಪಾತ, ಪೂರ್ತಿ ಗೇಮ್. ಹೇಳಿದ ಮಾತು ಕೇಳಿ ಕಾಲು ಗಂಟೆ ಸುಮ್ಮನೆ ಕೂತರೆ ಅವನು ವಾಪಸು ಬಂದು, ಭಸ್ಮ ಸೇರಬೇಕಾದಲ್ಲಿಗೆ ಕರೆದೊಯ್ದು, ಗೇಮನ್ನೇ ಮುಗಿಸಿಬಿಡುತ್ತಾನೆ. ಆ ಕಾಲು ಗಂಟೆಯನ್ನು ನಮ್ಮವನೂ ಶಿಸ್ತಾಗಿ ಕೂತು ಮುಗಿಸುತ್ತಾನೆ. ಕೂತಷ್ಟು ಹೊತ್ತೂ ಮೊಬೈಲಿನಲ್ಲಿ ಅದೇ ಗೇಮಿನ ಮಿಕ್ಕ ಎಂಡಿಂಗುಗಳನ್ನು ನೋಡುತ್ತಿರುತ್ತಾನೆ.