ಡಾಲರ್ ಭಾವಮೈದ

ರೂಪಾಯಿ ಬೆಲೆ ಬಿತ್ತು ಅಂತ ಟೀವಿಯಲ್ಲಿ ಬಂದ ದಿನ ಟಿ. ದಾಸರಹಳ್ಳಿಯ ಒಂದು ಮನೆಯಲ್ಲಿ ಪಾಯಸ ಆಗುತ್ತದೆ. ಅದು ನನ್ನ ಹೆಂಡತಿಯ ತವರು. ಪಾಯಸ ಮಾಡಿಸುವವನು ಅವಳ ತಮ್ಮ. ದೇಶಕ್ಕೆ ನಷ್ಟವಾದರೆ ಇವನಿಗೇಕೆ ಖುಷಿ ಅಂದರೆ, ಇವನ ಮೇಲುಸಂಪಾದನೆ ಬರುವುದು ಡಾಲರಿನಲ್ಲಿ. ಡಾಲರಿನ ದೇಶವನ್ನು ಅವನು ಕಂಡಿಲ್ಲ, ಪಾಸ್‌ಪೋರ್ಟೂ ಇಲ್ಲ. ಇರುವುದು ವೆಬ್‌ಸೈಟ್, ಅದರ ಮೈತುಂಬ ಜಾಹೀರಾತು.

ಈ ಬಗೆಯವರು ಈಗ ಬೀದಿಗೊಬ್ಬರಿದ್ದಾರೆ. ಮೊದಲು ಜಾಹೀರಾತಿಗೆ ಜಾಗ ಗೊತ್ತುಮಾಡಿ, ಉಳಿದ ಸಂದಿಗೊಂದಿಗಳಲ್ಲಿ ಸುದ್ದಿ ತುರುಕುವವರು. ಇವರ ಪುಟಗಳಿಗೆ ಜಾಹೀರಾತು ತಂದು ಹಾಕಿ ಹಣ ಕೊಡುವ ಆಡ್‌ಸೆನ್ಸ್ ಅನ್ನು ಗೂಗಲ್ ಕಂಪನಿ 2003ರಲ್ಲಿ ಶುರುಮಾಡಿದಾಗ ನಮ್ಮವನು ಹೈಸ್ಕೂಲಿನಲ್ಲಿದ್ದ. 2014ರ ಕೊನೆಗೆ ಅದು ಹಿಂದಿಗೆ ಬಂತು, 2018ರಲ್ಲಿ ತಮಿಳಿಗೆ. ಕನ್ನಡದ ಸರದಿ ಆಮೇಲೆ. "ಆಡ್‌ಸೆನ್ಸ್‌ಗೆ ಕನ್ನಡ ಬಂತು ಭಾವ!" ಎಂದು ಅವನು ಫೋನಿನಲ್ಲಿ ಕೂಗಿದ ರೀತಿಗೆ, ಕನ್ನಡಕ್ಕೆ ಮತ್ತೊಂದು ಜ್ಞಾನಪೀಠ ಬಂತೇನೋ ಅಂದುಕೊಂಡು ನಾನು ಎದ್ದು ನಿಂತೆ.

ಅವನ ಪುಟಗಳ ಪಾಕ ನನಗೆ ಬಾಯಿಪಾಠ. ತಲೆಬರಹ: 'ಗೃಹಲಕ್ಷ್ಮಿ ಹಣ: ಕೊನೆಗೂ ಬಂತು ಬಿಗ್ ಅಪ್‌ಡೇಟ್!' ಮೊದಲ ಪ್ಯಾರಾದಲ್ಲಿ ಗೃಹಲಕ್ಷ್ಮಿ ಎಂದರೇನು, ಎರಡನೆಯದರಲ್ಲಿ 2023ರ ಆಗಸ್ಟ್ 30ರಂದು ಮೈಸೂರಿನಲ್ಲಿ ಚಾಲನೆ ಕೊಟ್ಟ ಕಥೆ, ಒಂದು ಜಾಹೀರಾತು, 'ಹಾಗಾದರೆ ₹2000 ಯಾವಾಗ? ಮುಂದೆ ಓದಿ', ಇನ್ನೊಂದು ಜಾಹೀರಾತು. ತಳ ಮುಟ್ಟಿದರೆ ಸಿಗುವ ಮಾತು: 'ಅಧಿಕೃತ ಮಾಹಿತಿ ಬಂದ ಕೂಡಲೇ ತಿಳಿಸಲಾಗುವುದು.' ಚಿನ್ನದ ದರ, ರೇಷನ್ ಕಾರ್ಡು, ಪಿಡಿಒ ಹುದ್ದೆ ಎಲ್ಲಕ್ಕೂ ಇದೇ ಅಳತೆಯ ಅಂಗಿ.

ಸಣ್ಣಪುಟ್ಟ ಲಕ್ಷಣಗಳು ಹಲವಿವೆ. ದಾಸರಹಳ್ಳಿಯಲ್ಲಿ ಮೆಟ್ರೋ ಹತ್ತಿದರೆ ಮೆಜೆಸ್ಟಿಕ್‌ವರೆಗೂ ಪಕ್ಕದವರ ಫೋನು ಇಣುಕುತ್ತಾನೆ, ಯಾರಾದರೂ ತನ್ನ ಪುಟ ಓದುತ್ತಿದ್ದಾರೆಯೇ ಅಂತ. ಖಾತೆಯಲ್ಲಿ ನೂರು ಡಾಲರ್ ತುಂಬಿದರೆ ಮಾತ್ರ ಹಣ ಬ್ಯಾಂಕಿಗೆ ಹೊರಡುವುದರಿಂದ, ತೊಂಬತ್ತಾರರಲ್ಲಿ ತಿಂಗಳು ಮುಗಿದರೆ ಮನೆಯಲ್ಲಿ ಸೂತಕ. ಹಣ ಬರುವ ತಿಂಗಳಾದರೆ 21ರಿಂದ 26ನೇ ತಾರೀಖಿನೊಳಗೆ ಬರಬೇಕು. ಆ ದಿನಗಳಲ್ಲಿ ಅವನನ್ನು ಮಾತಾಡಿಸಬಾರದು. ಅಮೆರಿಕದವರು ಪುಟ ನೋಡಿದರೆ ಜಾಹೀರಾತಿನ ಹರಾಜಿನಲ್ಲಿ ಹಲವು ಪಟ್ಟು ಬೆಲೆ ಏಳುತ್ತದೆ. ಹಾಗಾಗಿ ಯುಗಾದಿಗೆ ಶುಭಾಶಯ ಮೊದಲು ಹೋಗುವುದು ನ್ಯೂಜೆರ್ಸಿಯ ನೆಂಟರಿಗೆ, ಲಿಂಕ್ ಸಮೇತ. ನಾವು ಕುಣಿಗಲ್ ಕಡೆಯವರು ಎರಡನೇ ಪಂಕ್ತಿ.

ಆದರೆ ನನ್ನ ಜೀವ ತೆಗೆದದ್ದು ಅವನ ಬೆಳಗಿನ ಸುಪ್ರಭಾತ. ಹಾಲಿನವನಿಗಿಂತ ಮೊದಲು ವಾಟ್ಸಾಪಿನಲ್ಲಿ ಲಿಂಕ್ ಬರುತ್ತದೆ, ಹಿಂದೆಯೇ ಫೋನು. ಜಾಹೀರಾತು ಒತ್ತಿ ಎಂದು ಯಾರನ್ನೂ ಕೇಳುವಂತಿಲ್ಲ, ಅದು ಆಡ್‌ಸೆನ್ಸ್ ನಿಯಮ. ಅವನು ನಿಯಮ ಮೀರುವವನಲ್ಲ. "ಒತ್ತಿ ಅಂತ ನಾನು ಹೇಳಲ್ಲ ಭಾವ. ಹೇಳಬಾರದು. ಆದ್ರೆ ನಿಮ್ಮ ಬೆರಳು, ನಿಮ್ಮಿಷ್ಟ."

ಈ ಸೂಕ್ಷ್ಮ ನನ್ನ ಅತ್ತೆಗೆ ಅರ್ಥವಾಗಲಿಲ್ಲ. ಒತ್ತಿದರೆ ಮಗನಿಗೆ ದುಡ್ಡು ಅನ್ನುವಷ್ಟು ಮಾತ್ರ ಅರ್ಥವಾಯಿತು. ಅವರು ಯಾರಿಗೂ ಹೇಳದೆ ಒಂದು ವ್ರತ ಹಿಡಿದರು. ಬೆಳಿಗ್ಗೆ ಸ್ನಾನ ಮಾಡಿ, ದೀಪ ಹಚ್ಚಿ, ದೇವರ ಮುಂದೆ ಮಣೆ ಹಾಕಿಕೊಂಡು, ಬಲಗೈಯಲ್ಲಿ ಫೋನು, ಎಡಗೈಯಲ್ಲಿ ಜಪಮಣಿ. ಒಂದು ಜಾಹೀರಾತು ಒತ್ತುವುದು, ಹಿಂದಕ್ಕೆ ಬರುವುದು, ಒಂದು ಮಣಿ ಸರಿಸುವುದು. ದಿನಕ್ಕೆ ನೂರೆಂಟು. ಬೋರ್‌ವೆಲ್ ಮೋಟಾರು, ದೇವನಹಳ್ಳಿಯ ವಿಲ್ಲಾ, ತೂಕ ಇಳಿಸುವ ಪುಡಿ, ವರಾನ್ವೇಷಣೆ ಯಾವುದಕ್ಕೂ ಭೇದ ಮಾಡಲಿಲ್ಲ. ಏಕಾದಶಿಯಂದು ಎರಡು ಸುತ್ತು.

ಭಾವಮೈದ ಆ ವಾರ ಹಗುರವಾಗಿ ಓಡಾಡಿದ. ಕ್ಲಿಕ್ ಏರುತ್ತಿತ್ತು, ಕಾಸು ಏರುತ್ತಿತ್ತು. "ಹೆಡ್ಡಿಂಗ್ ಬದಲಾಯಿಸಿದ್ದಕ್ಕೆ ಜನ ಸ್ಪಂದಿಸ್ತಿದ್ದಾರೆ" ಎಂದ. ಹಿತ್ತಲಲ್ಲಿ ಅತ್ತೆ ತುಳಸಿಗೆ ನೀರು ಹಾಕುತ್ತ ಮುಸಿಮುಸಿ ನಗುತ್ತಿದ್ದರು. ಆಮೇಲೆ ಬಂತು ಈಮೇಲು: ಅಸಿಂಧು ಕ್ಲಿಕ್ಕುಗಳ ಕಾರಣ ಜಾಹೀರಾತಿಗೆ ಮಿತಿ ಹೇರಲಾಗಿದೆ. ಅಂಥ ಕ್ಲಿಕ್ಕುಗಳ ಹಣ ಜಾಹೀರಾತು ಕೊಟ್ಟವರಿಗೆ ವಾಪಸು ಹೋಗುತ್ತದೆ. ವೈರಿಗಳ ಕೈವಾಡ ಅಂತ ಅವನು ಎರಡು ದಿನ ಊಟ ಬಿಟ್ಟ. ಮೂರನೆಯ ಬೆಳಿಗ್ಗೆ ದೇವರ ಮನೆ ಕಡೆ ಹೋದವನು ವೈರಿಯನ್ನು ಕಣ್ಣಾರೆ ಕಂಡ. "ಅಮ್ಮಾ!" ಅಂದನಂತೆ. "ಸುಮ್ನಿರೋ, ಇನ್ನ ಹದಿನೇಳಿದೆ" ಅಂದರಂತೆ. ಮಿತಿ ಕೆಲವೇ ವಾರಗಳಲ್ಲಿ ತೆರವಾಯಿತು. ಅತ್ತೆಯ ಫೋನಿಗೆ ಮಾತ್ರ ಇಂದಿಗೂ ವಿಲ್ಲಾದವರು ಕರೆ ಮಾಡುತ್ತಾರೆ. ಅತ್ತೆಯೂ ಬಿಡದೆ ಅವರ ಯೋಗಕ್ಷೇಮ ವಿಚಾರಿಸುತ್ತಾರೆ.

2024ರಲ್ಲಿ ಆಡ್‌ಸೆನ್ಸ್ ಲೆಕ್ಕ ಬದಲಾಯಿತು. ಒತ್ತಿದ್ದಕ್ಕಲ್ಲ, ಜಾಹೀರಾತು ತೋರಿಸಿದ್ದಕ್ಕೆ ಹಣ. ಬೆರಳಿಗೆ ಬಿಡುಗಡೆ ಸಿಕ್ಕಿತು ಅಂದುಕೊಂಡೆ. ಈಗ ಕಣ್ಣು ಬೇಕಂತೆ. "ಕೆಳಗಿನವರೆಗೂ ಬನ್ನಿ ಭಾವ, ಅವಸರ ಮಾಡ್ಬೇಡಿ, ಸಾವಕಾಶವಾಗಿ." ನಾನು ಬರೆದದ್ದನ್ನು ಕೆಳಗಿನವರೆಗೆ ಓದಿ ಎಂದು ಯಾರಿಗಾದರೂ ಹೇಳುವ ಧೈರ್ಯ ನನಗೆ ಬಂದಿಲ್ಲ. ನನ್ನ ಲೇಖನವೊಂದಕ್ಕೆ ಬಂದ ಗೌರವಧನ ಕೇಳಿ ಅವನು ನಗಲಿಲ್ಲ, ಮರುಗಿದ. ಅದು ಇನ್ನೂ ಚುಚ್ಚುತ್ತಿದೆ.

ಇಷ್ಟು ಬೈದ ಮೇಲೆ ಒಂದು ಮಾತು ಹೇಳಲೇಬೇಕು. ಹಗಲಿನಲ್ಲಿ ಅವನು ಬೇರೆಯೇ ಮನುಷ್ಯ. ಪೀಣ್ಯದ ಒಂದು ಸಣ್ಣ ಶೆಡ್ಡಿನಲ್ಲಿ ಸಿಎನ್‌ಸಿ ಸೆಟ್ಟರ್. ಜಾಬ್‌ವರ್ಕ್ ಇದ್ದರೆ ಓವರ್‌ಟೈಮ್, ಇಲ್ಲದಿದ್ದರೆ ಮಾಲೀಕರೂ ಇವನೂ ಒಟ್ಟಿಗೆ ಟೀ ಕುಡಿಯುತ್ತ ರಸ್ತೆ ನೋಡುವ ಜಾಗ. ಅಂಥ ಟೀ ದಿನಗಳಲ್ಲೇ ವೆಬ್‌ಸೈಟ್ ಹುಟ್ಟಿದ್ದು. ಒಮ್ಮೆ ಅವನಿಗೆ ಊಟದ ಡಬ್ಬಿ ಕೊಡಲು ಹೋಗಿದ್ದೆ. ಆಗಷ್ಟೇ ತಿರುಗಿಸಿ ತೆಗೆದ ಒಂದು ಬುಷ್ ಹಿಡಿದು ಗೋ, ನೋ-ಗೋ ಗೇಜ್ ಹಾಕುತ್ತಿದ್ದ. ಅದರ ಒಂದು ತುದಿ ರಂಧ್ರದೊಳಗೆ ಹೋಗಲೇಬೇಕು, ಇನ್ನೊಂದು ಹೋಗಲೇಕೂಡದು. ಎರಡೂ ಹೋದವು. ಕೆಲವೇ ಮೈಕ್ರಾನ್ ಹೆಚ್ಚಾಗಿತ್ತು, ಕೂದಲೆಳೆಗಿಂತ ಕಡಿಮೆ. ಯಾರೂ ನೋಡುತ್ತಿರಲಿಲ್ಲ. ಅವನು ಪೀಸನ್ನು ಕೆಂಪು ಟ್ರೇಗೆ ಹಾಕಿ, ಆಫ್‌ಸೆಟ್ ತಿದ್ದಿ, ಮತ್ತೆ ಮಿಷನ್ ಓಡಿಸಿದ.

ಹಗಲು ಮೈಕ್ರಾನಿಗೆ ಅಂಜುವವನು ರಾತ್ರಿ 'ಬಿಗ್ ಅಪ್‌ಡೇಟ್' ಎಂದು ಹೇಗೆ ಬರೆಯುತ್ತಾನೆ? ಪೀಣ್ಯದಲ್ಲಿ ತಪ್ಪು ಮಾಲು ರಿಜೆಕ್ಟ್ ಆಗಿ ವಾಪಸು ಬರುತ್ತದೆ, ಕೂಲಿ ಕಟ್ಟಾಗುತ್ತದೆ. ಇಲ್ಲಿ ಪುಟ ತೆರೆದ ಕ್ಷಣಕ್ಕೇ ವ್ಯಾಪಾರ ಮುಗಿಯಿತು. ಸುದ್ದಿ ಸಿಗದೆ ಹಿಂದೆ ಹೋದವರ ಬೇಸರಕ್ಕೆ ವಾಪಸಾತಿಯ ಚೀಟಿಯಿಲ್ಲ. ಮನುಷ್ಯ ಎರಡು ಕಡೆಯೂ ಒಬ್ಬನೇ. ಒಂದು ಕಡೆ ಗೇಜ್ ಇದೆ, ಇನ್ನೊಂದು ಕಡೆ ಇಲ್ಲ.

ಅವನ ಸೈಟಿನಲ್ಲಿ ಹುದುಗಿಹೋದ ಒಂದು ಪುಟವಿದೆ: 'ಮೈಕ್ರೋಮೀಟರ್ ಓದುವುದು ಹೇಗೆ.' ಐಟಿಐ ಹುಡುಗರಿಗಾಗಿ ಬರೆದದ್ದು. ತಾನೇ ಬಿಡಿಸಿದ ಚಿತ್ರಗಳು. ಥಿಂಬಲ್ ಒಂದು ಸುತ್ತಿಗೆ ಅರ್ಧ ಮಿಲಿಮೀಟರ್, ಒಂದು ಗೆರೆಗೆ ಮಿಲಿಮೀಟರಿನ ನೂರರಲ್ಲೊಂದು ಭಾಗ, ಕೈಬಿಸಿಗೆ ಉಕ್ಕು ಹಿಗ್ಗುತ್ತದೆ, ಜೋಕೆ ಎಂಬ ಎಚ್ಚರಿಕೆ. ನಾನು ಯಾರೂ ಹೇಳದೆ ಕೆಳಗಿನವರೆಗೂ ಓದಿದ ಅವನ ಪುಟ ಅದೊಂದೇ. ಹೋದ ಭಾನುವಾರ ಹಿರಿಯನ ಗತ್ತಿನಲ್ಲಿ ಅದನ್ನೇ ಹೇಳಿದೆ: "ಇಂಥವು ಹತ್ತು ಬರೆಯೋ. ಜನ ಉಳಿಸಿಕೊಳ್ತಾರೆ."

"ಬರೀಬಹುದು ಭಾವ. ಇದೊಂದಕ್ಕೆ ಎರಡು ಭಾನುವಾರ ಹಿಡೀತು, ಟೀ ದುಡ್ಡೂ ಹುಟ್ಟಲಿಲ್ಲ. ಚಿನ್ನದ ದರಕ್ಕೆ ಎರಡು ನಿಮಿಷ."

ನಾನು ಶ್ರಮ, ಸತ್ಯ, ಓದುಗರ ವಿಶ್ವಾಸ ಎಂದೆಲ್ಲ ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಅಡುಗೆಮನೆಯಿಂದ ನನ್ನ ಹೆಂಡತಿ ಕೂಗಿದಳು: "ಲೋ, ಇವತ್ತು ಗ್ರಾಂಗೆ ಎಷ್ಟೋ?"

ಅವನು ಬಾಯಿಬಿಟ್ಟು ಹೇಳಲಿಲ್ಲ. ಲಿಂಕ್ ಕಳಿಸಿದ.